ಟವಲಿನ ಕೆಳಗಿಲ್ಲದ ಕೈ

ಅವಳು ಬರೀ ಸೂಲಗಿತ್ತಿಯಾಗಿದ್ದ ಕೊನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಮಾವಿನ ಕಾಲ. ಮಂಡಿ ಸಾಹುಕಾರರ ಸೊಸೆಗೆ ಹೆರಿಗೆ ನೋವು ಬಂದು, ಬೆಳಗಿನಿಂದ ನಾವಿಬ್ಬರೂ ಅವರ ಹಿತ್ತಲಲ್ಲಿ, ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಕೂತಿದ್ದೆವು. ಅಷ್ಟು ದೊಡ್ಡ ತೊಟ್ಟಿಯ ಮನೆಯಲ್ಲಿ ಹುಟ್ಟುವ ಮಗುವಿಗೆ ಗೊತ್ತುಮಾಡಿದ್ದ ಜಾಗ ಅದು. ಕೇರಿಯವರಾದ ನಾವು ಒಳಗೆ ಹೋಗುವಂತಿರಲಿಲ್ಲ. ಆದ್ದರಿಂದ ಸೊಸೆಯೇ ದನಗಳ ಕಡೆಗೆ ಬರಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಗಂಡು ಹುಟ್ಟಿತು.

ಕೆಲಸ ಮುಗಿಸಿ ಅವಳು ಕೈ ತೊಳೆದಳು. ತೊಳೆದ ಮೇಲೆ ಎರಡೂ ಕೈಗಳನ್ನು ಮೊಣಕೈಯಿಂದ ಮೇಲಕ್ಕೆತ್ತಿ, ಯಾವುದಕ್ಕೂ ತಗುಲಿಸದೆ ಗಾಳಿಗೆ ಒಣಗಿಸುವುದು ಅವಳ ಪದ್ಧತಿ. ಚಿಕ್ಕ ವಯಸ್ಸಿನಲ್ಲಿ ಕೋಲಾರದ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಕಲಿತಾಗ ಅಂಟಿಕೊಂಡ ಅಭ್ಯಾಸ. ಅಲ್ಲಿ ಅಕ್ಷರವನ್ನೂ ಕಲಿತಳು, ಯಾರಿಗೂ ಹೆದರದೆ ಬೈಯುವುದನ್ನೂ ಕಲಿತಳು. ಬೈಯುವುದು ಮಾತ್ರ ಮೊದಲೇ ಸ್ವಲ್ಪ ಬರುತ್ತಿತ್ತಂತೆ.

ಸಾಹುಕಾರರು ಹಿಂಬಾಗಿಲಿಗೆ ಬಂದು, ದೂರದಲ್ಲೇ ನಿಂತು, "ಏನಮ್ಮೋ, ಕೈ ಮೇಲೆತ್ಕೊಂಡಿದ್ದೀಯ, ಪೊಲೀಸ್ನೋರು ಹಿಡಿದ್ರಾ?" ಎಂದರು.

"ನಿಮ್ಮನೆಯಿಂದ ಹೋಗೋರು ಕೈ ಮೇಲೆತ್ಕೊಂಡೇ ಹೋಗೋದು ವಾಸಿ ಸ್ವಾಮಿ. ಆಮೇಲೆ ಏನೋ ಕಾಣೆಯಾಯ್ತು ಅಂತೀರ."

ಸಾಹುಕಾರರು ನಕ್ಕರು. ಅವರು ಎಲ್ಲದಕ್ಕೂ ನಗುತ್ತಿದ್ದರು. ಮುನಿಸಿಪಾಲ್ಟಿಗೆ ಪ್ರೆಸಿಡೆಂಟರಾದದ್ದೂ ಹಾಗೆಯೇ. "ಗಂಡಾ?" ಎಂದು ಕೇಳಿದರು.

"ಗಂಡೇ. ಮುಷ್ಟಿ ಬಿಗಿ ಹಿಡ್ಕೊಂಡೇ ಹುಟ್ಟವ್ನೆ. ನಿಮ್ಮ ವಂಶಾನೇ, ಅನುಮಾನ ಬೇಡಿ."

ನಾವು ಕೂತಿದ್ದ ಜಾಗಕ್ಕೆ ಆಳು ನೀರು ಚಿಮುಕಿಸುತ್ತಿದ್ದ. ಗೋಡೆಯ ಮೇಲಿಂದ ನಮಗೊಂದು ಪುಟ್ಟಿ ಉದುರಿದ ಮಾವಿನಕಾಯಿ ಸಿಕ್ಕಿತು. ದಾರಿಯಲ್ಲಿ ಅವಳು ಒಂದನ್ನು ಕಚ್ಚಿ ಉಗಿದಳು. "ಮರದಲ್ಲಿರೋದು ಮದ್ರಾಸಿಗೆ, ನೆಲದಲ್ಲಿರೋದು ನಮಗೆ" ಎಂದಳು. ಮಾರನೆಯ ಬೆಳಿಗ್ಗೆ ತಾಲ್ಲೂಕಿನ ಅಮಲ್ದಾರರ ಜವಾನ ಅವಳ ಮನೆ ಕೇಳಿಕೊಂಡು ಕೇರಿಗೆ ಬಂದ.

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆಂದು ಕೊನೆಗೆ ತಿಳಿಯುತ್ತದೆ. ಊರಿನ ಹೆಸರೂ ಬೇಡ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ, ತೆಲುಗನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವ ಒಂದು ಮಾವಿನ ಊರು ಎಂದುಕೊಂಡರೆ ಸಾಕು. ನಾನು ಅವಳ ಕೇರಿಯವಳೇ. ಮಿಡಲ್ ಸ್ಕೂಲಿನವರೆಗೆ ಓದಿ, ಅವಳ ಜೊತೆಯಲ್ಲಿ ಹೆರಿಗೆ ಕೆಲಸ ಮಾಡುತ್ತಿದ್ದೆ. ಅವಳು ಮಾತಾಡುತ್ತಿದ್ದಳು, ನಾನು ನೀರು ಕಾಯಿಸುತ್ತಿದ್ದೆ. ಈಗ ಎರಡೂ ನನ್ನ ಪಾಲಿಗೆ ಬಂದಿವೆ.

ಜವಾನ ತಂದದ್ದು ಸರ್ಕಾರದ ಹುಕುಂ. ಮುನಿಸಿಪಾಲ್ಟಿಯಲ್ಲಿ ಹೆಂಗಸರ ಪರವಾಗಿ ಒಬ್ಬರಿರಬೇಕು, ನಮ್ಮ ಆದಿಕರ್ನಾಟಕರ ಪರವಾಗಿ ಒಬ್ಬರಿರಬೇಕು ಎಂದು ಮೈಸೂರಿನ ದೊಡ್ಡವರಿಗೆ ಅನಿಸಿತ್ತು. ಅನಿಸಿದ್ದು ಒಳ್ಳೆಯದೇ. ಆದರೆ ಯಾರಾಗಬೇಕೆಂದು ಅವರು ಕೇಳಿದ್ದು ನಮ್ಮನ್ನಲ್ಲ, ಪ್ರೆಸಿಡೆಂಟರನ್ನು. ಪ್ರೆಸಿಡೆಂಟರು ವ್ಯಾಪಾರಸ್ಥರು. ಎರಡು ಕುರ್ಚಿಗೂ ಒಬ್ಬಳನ್ನೇ ಸೂಚಿಸಿದರು. ಹೆಂಗಸೂ ಆಯಿತು, ಕೇರಿಯೂ ಆಯಿತು. ಉಳಿದ ಕುರ್ಚಿಯಲ್ಲಿ ಅವರ ಬಾಮೈದ ಬಂದು ಕೂತ.

"ಅವಮಾನ ಎರಡು, ಕುರ್ಚಿ ಒಂದೇ" ಎಂದಳು ಹುಕುಮನ್ನು ಓದಿ. "ಲೆಕ್ಕದಲ್ಲಿ ನನಗೆ ಮೋಸ ಆಗ್ಯದೆ ಕಣೇ."

"ಬೇಡ ಅಂತ ಹೇಳ್ಬಿಡಕ್ಕಾ."

"ಬೇಡ ಅಂದ್ರೆ ಅದಕ್ಕೂ ಇನ್ನೊಬ್ಬ ಬಾಮೈದ ಬರ್ತಾನೆ. ಅವನಿಗೆಷ್ಟು ಜನ ಇದ್ದಾರೋ." ಹುಕುಮನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು, "ಹೋಗ್ತೀನಿ. ಒಂದು ಕೋಣೆ ಕೇಳ್ತೀನಿ. ನಾಲ್ಕು ಗೋಡೆ, ಒಂದೇ ಬಾಗಿಲು."

ಆ ಕೋಣೆಯ ಮಾತು ಅವಳ ಬಾಯಿಗೆ ಬಂದದ್ದು ನನ್ನ ತಂಗಿಯಿಂದ. ತಂಗಿಯ ಹೆರಿಗೆ ಕಷ್ಟವಾಗಿತ್ತು. ಊರಿನ ಡಿಸ್ಪೆನ್ಸರಿಯಲ್ಲಿ ಹೆರಿಗೆಗೆ ಜಾಗವಿರಲಿಲ್ಲ. ಇದ್ದ ಜಗುಲಿಯ ಮೇಲೆ ನಮ್ಮನ್ನು ಮಲಗಿಸುತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೊರಟೆವು. ತಂಗಿಯ ತಲೆ ಅವಳ ತೊಡೆಯ ಮೇಲಿತ್ತು. ಊರು ಇನ್ನೂ ಹಿಂದೆ ಕಾಣುತ್ತಿರುವಾಗಲೇ ಗಾಡಿ ತಿರುಗಿಸಬೇಕಾಯಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಅಂದಿನಿಂದ ಅವಳು, ಊರಿನಲ್ಲಿ ಎಲ್ಲ ಹೆಂಗಸರಿಗೂ ಒಂದೇ ಬಾಗಿಲಿನ ಹೆರಿಗೆ ಕೋಣೆ ಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಕೇರಿಗೆ ಬೇರೆ ಬಾಗಿಲಿಡೋಣ ಎಂದು ಯಾರಾದರೂ ಧರ್ಮ ಮಾಡುವವರಂತೆ ಹೇಳಿದರೆ, "ಬಸುರಿಗೆ ನೋವು ಬರೋದು ಒಂದೇ ಕಡೆಯಿಂದ. ನಿಮ್ಮನೇಲಿ ಬೇರೆ ಕಡೆಯಿಂದ ಬರುತ್ತಾ?" ಎಂದು ಕೇಳುತ್ತಿದ್ದಳು. ಕೇಳಿಸಿಕೊಂಡವರು ಆಮೇಲೆ ಅವಳ ದಾರಿಗೆ ಬರುತ್ತಿರಲಿಲ್ಲ.

ಮೊದಲ ಮೀಟಿಂಗಿಗೆ ನಾನೂ ಹೋದೆ. ಸಾರ್ವಜನಿಕರಿಗೆ ಪ್ರವೇಶವಿದೆ ಎಂದು ಬೋರ್ಡು ಇತ್ತು. ಪ್ರವೇಶ ಎಂದರೆ ಕಿಟಕಿಯ ಹೊರಗೆ. ಸಾರ್ವಜನಿಕರು ಎಂದರೆ ನಾನು ಮತ್ತು ಒಂದು ನಾಯಿ.

ಅವಳ ಕುರ್ಚಿಯನ್ನು ಹೊಸಿಲಿನಾಚೆ ಪಡಸಾಲೆಯಲ್ಲಿ ಹಾಕಿದ್ದರು. ಬಾಮೈದ ಬಂದು ವಿನಯದಿಂದ, "ಇಲ್ಲಿ ಗಾಳಿ ಚೆನ್ನಾಗಿ ಬರ್ತದಮ್ಮಾ" ಎಂದ.

"ಅಂಥಾ ಗಾಳಿ ನನಗೊಬ್ಬಳಿಗೇ ಯಾಕಪ್ಪಾ? ಎಲ್ಲಾರೂ ಈಚೆ ಬನ್ನಿ, ಇಲ್ಲೇ ಮೀಟಿಂಗು ಮಾಡೋಣ."

ಯಾರೂ ಏಳಲಿಲ್ಲ. ಅವಳು ಕುರ್ಚಿಯನ್ನು ಎಳೆದುಕೊಂಡು ಒಳಗೆ ಹೋದಳು. ಕಾಲುಗಳು ಕಲ್ಲಿನ ಮೇಲೆ ಕಿರ್ರೆಂದವು. ಸದಸ್ಯರು ಒಬ್ಬರಾದ ಮೇಲೊಬ್ಬರು ತಮ್ಮ ಕುರ್ಚಿಗಳನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಅವರಲ್ಲಿ ಪ್ರೆಸಿಡೆಂಟರು ಅವಳ ತಾಯಿಯ ಕೈಯಲ್ಲಿ ಹುಟ್ಟಿದವರು. ಬಾಮೈದನೂ ಇನ್ನಿಬ್ಬರೂ ಅವಳ ಕೈಯಲ್ಲೇ ಹುಟ್ಟಿದವರು. ಹುಟ್ಟಿದ ದಿನ ಇವರು ಹೀಗೆ ಸರಿದಿದ್ದರೆ ನೆಲಕ್ಕೆ ಬೀಳುತ್ತಿದ್ದರು.

ಸರ್ಕಾರದಿಂದ ಒಂದು ಕಟ್ಟಡಕ್ಕೆ ಆಗುವಷ್ಟು ಹಣ ಬಂದಿತ್ತು. ಡಿಸ್ಪೆನ್ಸರಿಯ ಪಕ್ಕದಲ್ಲಿ ಹೆರಿಗೆ ಕೋಣೆ ಕಟ್ಟಬೇಕು ಎಂದು ಅವಳು ಕೇಳಿದಳು. ಮಾವಿನ ಮಂಡಿಗೆ ಷೆಡ್ಡು ಹಾಕಬೇಕು, ಕಾಯಿ ಬಿಸಿಲಿಗೆ ಬಾಡುತ್ತದೆ ಎಂದು ಪ್ರೆಸಿಡೆಂಟರು ಹೇಳಿದರು. ಮಂಡಿ ಅವರದೇ. ಆ ಮಾತನ್ನು ಯಾರೂ ಎತ್ತಲಿಲ್ಲ, ಸಭೆಯ ಮರ್ಯಾದೆ.

ಆಮೇಲೆ ಟವಲು ಬಂತು.

ನಮ್ಮ ಕಡೆ ಮಂಡಿಯಲ್ಲಿ ಮಾವಿಗೆ ಬೆಲೆ ಕಟ್ಟುವುದು ಬಾಯಲ್ಲಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಟವಲು ಹೊದಿಸುತ್ತಾರೆ, ಒಳಗೆ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಪಕ್ಕದವನಿಗೂ ತಿಳಿಯುವುದಿಲ್ಲ. ಕಾಯಿಗೆ ಇದು ಸರಿಯೋ ಏನೋ. ಪ್ರೆಸಿಡೆಂಟರು ಇದನ್ನು ಮುನಿಸಿಪಾಲ್ಟಿಗೆ ತಂದಿದ್ದರು. ಎದುರೆದುರಿಗೆ ಕೈ ಎತ್ತಿದರೆ ಊರಿನಲ್ಲಿ ವೈರ ಬೆಳೆಯುತ್ತದೆ ಎಂದು ಅವರ ವಾದ. ಅವರು ಹೆಗಲ ಟವಲನ್ನು ತೆಗೆದು ಒಬ್ಬೊಬ್ಬರ ಹತ್ತಿರ ಹೋಗುವರು. ಟವಲಿನ ಕೆಳಗೆ ಸದಸ್ಯ ಅವರ ಅಂಗೈಯನ್ನು ಪೂರ್ತಿ ಹಿಡಿದರೆ ಹೂಂ, ಒಂದೇ ಬೆರಳು ಹಿಡಿದರೆ ಊಹೂಂ. ಯಾರು ಏನು ಹಿಡಿದರೆಂದು ಅವರೊಬ್ಬರಿಗೇ ಗೊತ್ತು. ಸುತ್ತು ಮುಗಿದ ಮೇಲೆ ಟವಲನ್ನು ಕೊಡವಿ, "ಪಾಸ್" ಎನ್ನುವರು. ಅವರು ಬೇಡವೆಂದದ್ದು ಒಮ್ಮೆಯೂ ಪಾಸಾಗಿರಲಿಲ್ಲ. ಊರಿನಲ್ಲಿ ವೈರವೂ ಇರಲಿಲ್ಲ.

ಟವಲು ಅವಳ ಹತ್ತಿರ ಬಂತು. ಪ್ರೆಸಿಡೆಂಟರು ನಿಂತರು. ಅವಳು ಕೈ ಚಾಚಿದಳು. ಅವರು ಆ ಕೈಯನ್ನು ನೋಡಿದರು. ಕಿಟಕಿಯಿಂದ ನನಗೆ ಅವರ ಮುಖ ಕಾಣುತ್ತಿತ್ತು. ಹೆಂಗಸಿನ ಕೈ, ಅದೂ ಕೇರಿಯ ಹೆಂಗಸಿನದು. ಒಂದೇ ಗಳಿಗೆ ತಡವರಿಸಿ, ತಕ್ಷಣ ನಕ್ಕು, ಎರಡೂ ಕೈ ಮುಗಿದರು.

"ನೀನು ತಾಯಿ ಇದ್ದ ಹಾಗಮ್ಮಾ. ತಾಯಿ ಹತ್ರ ಮಕ್ಕಳು ಬೆರಳು ಎಣಿಸ್ತಾರಾ? ನಮ್ಮ ಮಾತೇ ನಿನ್ನ ಮಾತು. ಷೆಡ್ಡಿಗೆ ಹೂಂ ಅಂತ ಸೇರಿಸ್ಕೊಂಡಿದ್ದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಟವಲು ಮುಂದೆ ಹೋಯಿತು. ಅವಳ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.

ಬೈದರೆ ಅವಳು ತಿರುಗಿ ಬೈಯುವಳು. ಕೈ ಮುಗಿದವರನ್ನು ಏನು ಮಾಡುವುದೆಂದು ಆ ದಿನ ಅವಳಿಗೂ ತೋಚಲಿಲ್ಲ.

ನಂತರದ ದಿನಗಳಲ್ಲಿ ಸದಸ್ಯರು ಒಬ್ಬೊಬ್ಬರಾಗಿ ಅವಳನ್ನು ದಾರಿಯಲ್ಲಿ ನಿಲ್ಲಿಸಿ, ತಾನು ಒಂದೇ ಬೆರಳು ಹಿಡಿದೆನೆಂದೂ ಷೆಡ್ಡಿಗೆ ಊಹೂಂ ಅಂದೆನೆಂದೂ ಗುಟ್ಟಾಗಿ ಹೇಳಿದರು. ಬಾಮೈದನೂ ಹೇಳಿದ. ಸದಸ್ಯರಲ್ಲೊಬ್ಬರಾದ ಬಳೆ ಅಂಗಡಿಯ ಸಾಬರು ಮಾತ್ರ ಅಂಗಡಿಯೊಳಗೆ ಕರೆದು, ಕಣ್ಣು ತಗ್ಗಿಸಿ ಹೇಳಿದರು: "ಅಮ್ಮಾಜಾನ್, ಖುದಾ ಕೀ ಕಸಮ್, ನಂದು ಒಂದೇ ಬೆರಳು."

"ಆ ಬೆರಳನ್ನ ಒಂದ್ಸಲ ಮೇಲೆ ಎತ್ತು ಸಾಬಣ್ಣಾ, ಊರೆಲ್ಲಾ ನೋಡ್ಲಿ."

"ಅಂಗಡಿ ಪ್ರೆಸಿಡೆಂಟರದು, ನಂದು ಬಾಡಿಗೆ ಅಮ್ಮಾ" ಎಂದರು ಸಾಬರು. ಅವರೊಬ್ಬರು ನಿಜ ಹೇಳಿದರೆಂದು ಅವಳು ಕೊನೆಯವರೆಗೂ ನಂಬಿದ್ದಳು. ಮಿಕ್ಕವರ ಬಗ್ಗೆ ನನಗೆ ಹೇಳಿದ್ದು ಇಷ್ಟೇ: "ನೋಡೇ, ಗುಟ್ಟಾಗಿ ಎಲ್ಲಾರೂ ನನ್ನ ಕಡೆ. ಬಹಿರಂಗದಲ್ಲಿ ನಾನೂ ನನ್ನ ಕಡೆ ಇಲ್ಲ."

ಆ ಮಾತಿನ ಕೊನೆಯ ಭಾಗ ತಮಾಷೆಯಲ್ಲ. ಮೀಟಿಂಗಿನ ಮಾರನೆಯ ದಿನ ಊರಿನಲ್ಲಿ ತಮಟೆ ಹೊಡೆಸಿದರು. ಹೊಡೆಯುವವನು ನಮ್ಮ ಕೇರಿಯವನೇ. ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಸಿ ಕಳಿಸಿದ್ದರು. ಮಂಡಿಗೆ ಷೆಡ್ಡು ಹಾಕಲು ಕೇರಿಯ ಅಮ್ಮನವರೂ ಸೇರಿದಂತೆ ಸರ್ವಾನುಮತದಿಂದ ತೀರ್ಮಾನವಾಗಿದೆ ಎಂದು ಅವನು ಬೀದಿ ಬೀದಿ ಸಾರಿದ. ನಮ್ಮ ಬೇವಿನ ಮರದ ಕೆಳಗೂ ನಿಂತು ಸಾರಿದ.

ಆ ಸಂಜೆ ಅವಳು ನಮ್ಮ ಮನೆಗೆ ಬಂದಾಗ ನನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಎಂದುಕಮ್ಮಾ ಇಟ್ಲ ಚೇಸ್ತಿವಿ?" ಎಂದಳು. ಯಾಕಮ್ಮಾ ಹೀಗೆ ಮಾಡಿದೆ ಎಂದು. ಆಮೇಲೆ ಕನ್ನಡದಲ್ಲಿ, ನಿಧಾನವಾಗಿ: "ನನ್ನ ಮಗಳು ನಿನ್ನ ತೊಡೆ ಮೇಲೆ ಹೋದ್ಳು. ಮಾವಿನಕಾಯಿಗೆ ನೆರಳು ಬೇಕು ಅಂತ ನೀನೂ ಹೂಂ ಅಂದ್ಯಂತಲ್ಲ. ಕುರ್ಚಿ ಅಷ್ಟು ಮೆತ್ತಗಿತ್ತಾ?"

"ನಾನು ಹೂಂ ಅಂದಿಲ್ಲ."

"ಮತ್ತೆ ಊಹೂಂ ಅಂದಾ?"

ಹೂಂ ಅನ್ನದಿದ್ದರೂ ಊಹೂಂ ಅನ್ನಲು ಬಿಡದ ಒಂದು ಸ್ಥಿತಿ ಇರುತ್ತದೆಂದು ನನ್ನ ಅಮ್ಮನಿಗೆ ಹೇಗೆ ವಿವರಿಸುವುದು? ಕಿಟಕಿಯಲ್ಲಿ ನಿಂತು ಕಣ್ಣಾರೆ ಕಂಡವಳು ನಾನು. ಎಷ್ಟು ಹೇಳಿದರೂ ಅಮ್ಮ ಕೇಳಲಿಲ್ಲ. ತಮಟೆಯ ಮಾತಿನ ಮುಂದೆ ನನ್ನದು ಸಣ್ಣ ಮಾತು. ಆ ವಾರ ಕೇರಿಯಲ್ಲಿ ಒಂದು ಹೆರಿಗೆಯಾಯಿತು. ಅವಳನ್ನು ಕರೆಯಲಿಲ್ಲ, ನನ್ನನ್ನು ಕರೆದರು. ಅವಳು ತನ್ನ ಮನೆಯ ಮುಂದೆ ಕೂತು, ನಾನು ಚೀಲ ಹಿಡಿದು ಹೋಗುವುದನ್ನು ನೋಡಿದಳು. "ನೀರು ಚೆನ್ನಾಗಿ ಕುದಿಸು" ಎಂದಳು, ಅಷ್ಟೇ.

ಮುಂದಿನ ಮೀಟಿಂಗಿಗೆ ಹೊರಡುವ ಮೊದಲು ಅವಳು ಕೈ ತೊಳೆದದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಹೆರಿಗೆಗೆ ತೊಳೆಯುವಂತೆಯೇ, ಮೊಣಕೈವರೆಗೆ ತೊಳೆದಳು. ಮೀಟಿಂಗು ಶುರುವಾಯಿತು. ಪ್ರೆಸಿಡೆಂಟರು ಬಾಯಿ ತೆರೆಯುವ ಮೊದಲೇ ಅವಳು ಬಲಗೈಯನ್ನು ನೇರವಾಗಿ ಮೇಲಕ್ಕೆತ್ತಿದಳು. ಎತ್ತಿದ್ದು ಇಳಿಸಲಿಲ್ಲ. ಲಾಂದ್ರದ ಎಣ್ಣೆಯ ಮಾತಾಯಿತು, ಸಂತೆಯ ಸುಂಕದ ಮಾತಾಯಿತು, ಹುಚ್ಚುನಾಯಿಗಳ ಮಾತಾಯಿತು. ಕೈ ಮೇಲೇ ಇತ್ತು.

"ಏನಮ್ಮಾ, ಏನಾದ್ರೂ ಕೇಳ್ಬೇಕಾ?" ಎಂದರು ಪ್ರೆಸಿಡೆಂಟರು.

"ಏನೂ ಇಲ್ಲ. ಇದು ನನ್ನ ಕೈ. ಟವಲಿನ ಕೆಳಗೆ ಇಲ್ಲ ಅಂತ ಎಲ್ಲಾರಿಗೂ ಕಾಣ್ಲಿ ಅಂತ."

"ಕಂಕುಳಿಗೆ ಗಾಳಿ ಬೇಕಾಗಿರ್ಬೇಕು" ಎಂದ ಬಾಮೈದ. ನಕ್ಕರು.

"ಹೂಂ ಕಣಪ್ಪಾ. ನಿನ್ನನ್ನ ಹೊರಗೆ ಎಳೆದಾಗಿಂದ ಒಂಥರಾ ವಾಸನೆ, ಹೋಗಿಲ್ಲ."

ಆಗಲೂ ನಕ್ಕರು. ಈ ಸಲ ಬಾಮೈದ ಒಬ್ಬನನ್ನು ಬಿಟ್ಟು.

ಆಮೇಲೆ ಪ್ರತಿ ಮೀಟಿಂಗಿನಲ್ಲೂ ಅದೇ. ಕೈ ಎತ್ತಿ ಕೂರುವುದು ಅವಳಿಗೆ ಹೊಸದಲ್ಲ. ಆದರೆ ತೊಳೆದ ಕೈ ಒಣಗುವುದು ಬೇಗ, ಈ ಸಭೆ ಬೇಗ ಮುಗಿಯುವುದಲ್ಲ. ನೋವಾದಾಗ ಎಡಗೈಯಿಂದ ಬಲಗೈಯ ಮೊಣಕೈಗೆ ಆಸರೆ ಕೊಡುತ್ತಿದ್ದಳು. ಸುದ್ದಿ ಕೇರಿಗೆ ಮುಟ್ಟಿತು. ಒಂದು ದಿನ ಕಿಟಕಿಯ ಹೊರಗೆ ನನ್ನ ಪಕ್ಕದಲ್ಲಿ ಯಾರೋ ನಿಂತಂತಾಯಿತು. ಅಮ್ಮ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಒಳಗೆ ನೋಡಿದಳು. ಟವಲು ಸುತ್ತುವುದನ್ನು ನೋಡಿದಳು, ಅದು ಅವಳನ್ನು ದಾಟಿ ಹೋಗುವುದನ್ನೂ ನೋಡಿದಳು.

"ಕೈ ನೋಯಲ್ವೇನೇ ಅದಕ್ಕೆ?" ಎಂದು ನನ್ನನ್ನು ಕೇಳಿದಳು.

ಸಂಜೆ ಹರಳೆಣ್ಣೆ ಬಿಸಿ ಮಾಡಿಕೊಂಡು ಅವಳ ಮನೆಗೆ ಹೋಗಿ ಭುಜ ತಿಕ್ಕಿದಳು. "ಮೆಲ್ಲಗೆ ತಿಕ್ಕು, ಇದು ಸರ್ಕಾರದ ಭುಜ" ಎಂದಳು ಅವಳು. ಅಮ್ಮ ಅವಳ ಬೆನ್ನಿಗೊಂದು ಗುದ್ದಿದಳು. ಅಲ್ಲಿಗೆ ಅದು ಮುಗಿಯಿತು.

ಒಂದು ಸಲ ಅಮಲ್ದಾರರು ತನಿಖೆಗೆ ಬಂದರು. ಒಳ್ಳೆಯ ಮನುಷ್ಯ ಎಂದು ಹೆಸರು. ಜನರು ಆಡಳಿತದಲ್ಲಿ ಭಾಗವಹಿಸಬೇಕು ಎಂದು ಮಾಲೂರಿನಲ್ಲಿ ಭಾಷಣ ಮಾಡಿ ಬಂದಿದ್ದರಂತೆ. ಮೀಟಿಂಗಿನ ನಡುವೆ ಎತ್ತಿದ ಕೈಯನ್ನು ಕಂಡು, "ಇವರದೇನು?" ಎಂದು ಕೇಳಿದರು.

"ವಾತ ಸ್ವಾಮಿ. ಕೈ ಹಿಡ್ಕೊಂಡಿದೆ, ಪಾಪ" ಎಂದರು ಪ್ರೆಸಿಡೆಂಟರು.

"ವಾತ ನನಗಲ್ಲ ಸ್ವಾಮಿ, ಇವರಿಗೆ. ನನ್ನ ಕೈ ಕಂಡ್ರೆ ಇವರ ಬೆರಳು ಸೆಟೆದುಕೊಳ್ತವೆ. ಟವಲು ಹಿಡ್ಕೊಂಡು ಒಂದ್ಸಲ ನನ್ನ ಹತ್ರ ಬರೋಕೆ ಹೇಳಿ, ನೋಡಿ."

ಅಮಲ್ದಾರರು ಗಹಗಹಿಸಿ ನಕ್ಕರು. ಮಲಗೋವಾ ಹಣ್ಣು ತಿಂದರು. ಎಲ್ಲರನ್ನೂ ಹೊಂದಿಸಿಕೊಂಡು ಹೋಗಬೇಕೆಂದು ಉಪದೇಶ ಮಾಡಿ ಬಸ್ಸು ಹತ್ತಿದರು. ಯಾರನ್ನು ಯಾರಿಗೆ ಹೊಂದಿಸಬೇಕೆಂದು ಹೇಳಲಿಲ್ಲ.

ಅವರು ಬಂದದ್ದರಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ಮೀಟಿಂಗಿನ ಪುಸ್ತಕ ಬರೆಯುವ ಗುಮಾಸ್ತನಿಗೆ ಹೆದರಿಕೆಯಾಯಿತು. ಆವರೆಗೆ ಪ್ರತಿ ತೀರ್ಮಾನಕ್ಕೂ ಸರ್ವಾನುಮತದಿಂದ ಎಂದು ಬರೆಯುತ್ತಿದ್ದವನು, ಮುಂದಿನ ಮೀಟಿಂಗಿನಿಂದ "ಒಬ್ಬ ಸದಸ್ಯರ ಕೈನೋವಿನ ಹೊರತು ಸರ್ವಾನುಮತದಿಂದ" ಎಂದು ಬರೆಯತೊಡಗಿದ. ತಮಟೆಯವನೂ ಹಾಗೆಯೇ ಸಾರಿದ. ಕೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳೊಬ್ಬಳು ನಗಲಿಲ್ಲ. "ಅಷ್ಟಾದ್ರೂ ಬಂತಲ್ಲೇ" ಎಂದಳು. "ನನ್ನದು ಅಂತ ಏನೋ ಒಂದು ಒಳಗೆ ಹೋಯ್ತು. ನೋವು ಅಂತಾದ್ರೂ ಹೋಯ್ತು."

ಯುದ್ಧ ಶುರುವಾಯಿತು. ಸೀಮೆಎಣ್ಣೆ ಸಿಗದಾಯಿತು. ಯುದ್ಧ ಮುಗಿಯಿತು. ಮಂಡಿಯ ಷೆಡ್ಡಿನ ಕೆಳಗೆ ಕಾಯಿಗಳು ತಣ್ಣಗಿದ್ದವು. ಪ್ರತಿ ವರ್ಷ ಅವಳು ಹೆರಿಗೆ ಕೋಣೆಯನ್ನು ಕೇಳಿದಳು, ಪ್ರತಿ ವರ್ಷ ಅದು ಟವಲಿನ ಕೆಳಗೆ ಹೋಗಿ ಸತ್ತಿತು. ಹಗಲು ಅಲ್ಲಿ ಕೈ ಎತ್ತಿ ಕೂತವಳನ್ನು ಅದೇ ಜನ ತಮ್ಮ ಹಿತ್ತಲಿಗೆ ಕರೆಸುತ್ತಿದ್ದರು, ಅವಳು ಹೋಗುತ್ತಿದ್ದಳು. ಯಾಕೆ ಹೋಗುತ್ತೀಯ ಎಂದು ಕೇಳಿದ್ದಕ್ಕೆ, "ಒಳಗಿರೋದು ಇನ್ನೂ ಮೆಂಬರಾಗಿಲ್ಲ ಕಣೇ" ಎಂದಳು.

ರಾಯಲ್ಪಾಡಿನ ಕಡೆ ಒಂದು ಹೆರಿಗೆ ಮುಗಿಸಿ ಬಂದವಳಿಗೆ ಜ್ವರ ಹಿಡಿಯಿತು. ನಾನೂ ಅಮ್ಮನೂ ಹತ್ತಿರವಿದ್ದೆವು. ಬಹಳ ದಿನ ಹಾಸಿಗೆ ಹಿಡಿಯಲಿಲ್ಲ. ಕೊನೆಯವರೆಗೂ ಬುದ್ಧಿ ಚುರುಕಾಗಿತ್ತು, ನಾಲಿಗೆಯೂ. ನಾನು ಒದ್ದೆ ಬಟ್ಟೆ ಹಿಂಡುತ್ತಿದ್ದರೆ, "ಕೈ ತೊಳೆದ್ಯಾ?" ಎಂದು ಕೇಳಿದಳು. ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮುನಿಸಿಪಾಲ್ಟಿಯಲ್ಲಿ ಸಂತಾಪ ಸಭೆ ನಡೆಯಿತು. ಪ್ರೆಸಿಡೆಂಟರಿಗೆ ಈಗ ವಯಸ್ಸಾಗಿದೆ. ಊರಿನ ತಾಯಿ ಹೋದಳು ಎಂದು ಹೇಳಿ, ಅದೇ ಟವಲಿನಿಂದ ಕಣ್ಣೊರೆಸಿಕೊಂಡರು. ಅವಳ ಹೆಸರು ಶಾಶ್ವತವಾಗಿ ಉಳಿಯಬೇಕು ಎಂದರು. ಟವಲು ಸುತ್ತಿತು. ಆ ದಿನ ಕೈನೋವಿನವರು ಯಾರೂ ಇರಲಿಲ್ಲ, ನಿಜವಾದ ಸರ್ವಾನುಮತ. ಮಂಡಿಯ ಷೆಡ್ಡಿಗೆ ಅವಳ ಹೆಸರಿಟ್ಟರು. ದೊಡ್ಡ ಅಕ್ಷರಗಳಲ್ಲಿ, ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಅದರ ಕೆಳಗೆ ಕಾಯಿ ತೂಗುತ್ತಾರೆ, ಟವಲು ಹೊದಿಸಿ ಬೆಲೆ ಕಟ್ಟುತ್ತಾರೆ. ನಾನು ಇಲ್ಲಿ ಅವಳ ಹೆಸರು ಬರೆಯದಿರುವುದು ಅದಕ್ಕೇ. ಅದನ್ನು ಅವರು ಎಲ್ಲಿ ಬರೆದಿದ್ದಾರೋ ಅಲ್ಲಿ ಓದಿ ಓದಿ ನನಗೆ ಆ ಹೆಸರಿನ ಮೇಲೆಯೇ ಸಿಟ್ಟು ಬರುತ್ತಿದೆ.

ಈಗ ಸ್ವಾತಂತ್ರ್ಯ ಬಂದಿದೆ. ಇನ್ನು ಮೇಲೆ ಗಂಡಸರು ಹೆಂಗಸರು, ಊರು ಕೇರಿ ಎನ್ನದೆ ಎಲ್ಲರಿಗೂ ವೋಟು ಸಿಗುತ್ತದೆಯಂತೆ. ಬಳೆ ಅಂಗಡಿಯ ಸಾಬರು ಪೇಪರು ಓದಿ ಹೇಳಿದರು. ಅವಳಿದ್ದರೆ, ಟವಲು ಯಾರ ಹೆಗಲ ಮೇಲಿರ್ತದಂತೆ ಎಂದು ಕೇಳುತ್ತಿದ್ದಳು. ನಾನು ಕೇಳಲಿಲ್ಲ.

ಹೋದ ವಾರ ಬಾಮೈದ ನಮ್ಮ ಕೇರಿಗೆ ಬಂದಿದ್ದ. ದೂರದಲ್ಲೇ ನಿಂತು, "ಆಯಮ್ಮನ ಜಾಗಕ್ಕೆ ನಿನ್ನ ಹೆಸರು ಕಳಿಸೋಣ ಅಂತಿದ್ದೀವಿ. ನೀನಾದ್ರೆ ಮಾತು ಕಮ್ಮಿ" ಎಂದ.

ಬರ್ತೀನಿ ಎಂದೆ. ಮಾತು ಕಮ್ಮಿ ಎನ್ನುವುದು ನಿಜ. ಅವನು ಹೋದ ಮೇಲೆ ಅಮ್ಮ ಒಳಗಿನಿಂದ ಹರಳೆಣ್ಣೆಯ ಬುಡ್ಡಿ ತಂದು, ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿದಳು.

ನಿನ್ನೆ ಮತ್ತೆ ಒಂದು ಗಾಡಿ ಬಸುರಿಯನ್ನು ಮಲಗಿಸಿಕೊಂಡು ಕೋಲಾರಕ್ಕೆ ಹೋಯಿತು. ನಮ್ಮ ಊರಿನಲ್ಲಿ ಹೆರಿಗೆ ಕೋಣೆ ಇಲ್ಲ.